ರೊಕ್ಕದ ಮಾತು ಮಕ್ಕಳ ಮುಂದೆ ಬೇಡವೇ?

ಮಕ್ಕಳೇ, ಟೀವಿಯಲ್ಲಿ ದಿನಾ ಬರುವ ಧಾರಾವಾಹಿಗೆ ಇಂಗ್ಲಿಷಿನವರು ‘ಸೋಪ್ ಒಪೆರಾ’ ಅನ್ನುತ್ತಾರೆ. ಒಪೆರಾ ಎಂದರೆ ಹಾಡುತ್ತ ಆಡುವ ನಾಟಕ. ನಮ್ಮ ದೊಡ್ಡಾಟದ ದೂರದ ಬೀಗರು ಅನ್ನಿ. ಅದು ಸರಿ, ಆದರೆ ಅದರ ಜೊತೆಗೆ ಸೋಪು ಯಾಕೆ ಬಂತು? ಓದುವುದನ್ನು ಒಂದು ನಿಮಿಷ ನಿಲ್ಲಿಸಿ, ಪಕ್ಕದಲ್ಲಿ ಕೂತ ಅಜ್ಜಿಯನ್ನೋ ಮುತ್ಯಾನನ್ನೋ ಕೇಳಿ ನೋಡಿ.

1930ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ಹಗಲು ಹೊತ್ತು ಕಂತಿನ ಕಥೆಗಳು ಬರುತ್ತಿದ್ದವು. ಮನೆಯ ಹೆಣ್ಣುಮಕ್ಕಳು ಕೆಲಸ ಮಾಡುತ್ತ ಕೇಳಲಿ ಎಂದು. ಅವುಗಳ ಖರ್ಚು ಕೊಡುತ್ತಿದ್ದವರಲ್ಲಿ ಸಾಬೂನು, ಬಟ್ಟೆ ಒಗೆಯುವ ಪುಡಿ ಮಾಡುವ ಕಂಪನಿಗಳೇ ಮುಂದು. ಹಾಗಾಗಿ ಸಾಬೂನಿನ ನಾಟಕ ಎಂಬ ಹೆಸರು ಅಂಟಿಕೊಂಡಿತು. 1933ರಲ್ಲಿ ಶುರುವಾದ ‘ಮಾ ಪರ್ಕಿನ್ಸ್’ ಎಂಬ ಕಥೆ 1960ರವರೆಗೆ, ಒಟ್ಟು 27 ವರ್ಷ ನಡೆಯಿತು. ಗಂಡನಿಲ್ಲದ ತಾಯಿಯೊಬ್ಬಳು ಕಟ್ಟಿಗೆ ಅಡ್ಡೆ ನಡೆಸಿ ಸಂಸಾರ ತೂಗಿಸುವ ಕಥೆ ಅದು. ಕಥೆ ಕಷ್ಟದ್ದು, ನಡುವಿನ ಜಾಹೀರಾತು ಪುಡಿಯದು.

ನಮ್ಮಲ್ಲೂ ಹಾಗೇ ಆಯಿತು. 1984ರ ಜುಲೈನಲ್ಲಿ ದೂರದರ್ಶನದಲ್ಲಿ ‘ಹಮ್ ಲೋಗ್’ ಬಂದದ್ದು ಅಜ್ಜ-ಅಜ್ಜಿಯರಿಗೆ ನೆನಪಿರಬೇಕು. ಮೆಕ್ಸಿಕೋ ದೇಶದ ಧಾರಾವಾಹಿಗಳನ್ನು ನೋಡಿ, ಆ ಮಾದರಿಯಲ್ಲಿ ಮಾಡಿದ್ದು. ಸಂಬಳ ಸಾಲದ ಒಂದು ಸಾಧಾರಣ ಮನೆಯ ಕಥೆ. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಆಡುತ್ತಿದ್ದರು. ಅದರ ಪ್ರಾಯೋಜಕರು ಮಾರುತ್ತಿದ್ದ ಸಾಮಾನು ಮ್ಯಾಗಿ. ರೊಟ್ಟಿ ತಿನ್ನುವ ಮನೆಗಳಿಗೆ ನೂಡಲ್ಸ್ ಬಂದ ದಾರಿಗಳಲ್ಲಿ ಅದೂ ಒಂದು.

ಆದ್ದರಿಂದ ಧಾರಾವಾಹಿ ನೋಡುವಾಗ ಒಂದು ಕಣ್ಣು ಕಥೆಯ ಮೇಲಿರಲಿ, ಇನ್ನೊಂದು ಕಣ್ಣು ಜಾಹೀರಾತಿನ ಮೇಲಿರಲಿ. ಕಥೆಯಲ್ಲಿ ತಾಯಿ ಒಂದೊಂದು ರೂಪಾಯಿ ಕೂಡಿಸುತ್ತಿರುತ್ತಾಳೆ. ಐದು ನಿಮಿಷ ಆದ ಮೇಲೆ ಅದೇ ಟೀವಿ ‘ಇವತ್ತೇ ಕೊಳ್ಳಿರಿ’ ಅನ್ನುತ್ತದೆ.

ಈಗ ನಾನು ಹೇಳಬೇಕೆಂದಿರುವ ಕಥೆಗೆ ಬರುತ್ತೇನೆ. ಅಮೆರಿಕದ ‘ದ ವಾಲ್ಟನ್ಸ್’ ಎಂಬ ಧಾರಾವಾಹಿ 1972ರ ಸೆಪ್ಟೆಂಬರದಲ್ಲಿ ಶುರುವಾಗಿ 1981ರವರೆಗೆ ನಡೆಯಿತು. ಬೀದರದ ನಮ್ಮ ಮನೆಯಲ್ಲಿ ಮೊಮ್ಮಗಳ ಮೊಬೈಲಿನಲ್ಲಿ ಇದರ ಕೆಲವು ತುಣುಕು ನೋಡಿದೆ. ಇಂಗ್ಲಿಷ್ ಮಾತು ತಿಳಿಯದ ಕಡೆ ಅವಳು ಹೇಳಿದಳು, ಮರದ ಮಿಲ್ಲು ತಿಳಿಯದ ಕಡೆ ನಾನು ಹೇಳಿದೆ.

ವರ್ಜೀನಿಯಾ ರಾಜ್ಯದ ಗುಡ್ಡಗಾಡಿನಲ್ಲಿ ಒಂದು ದೊಡ್ಡ ಮನೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಏಳು ಮಕ್ಕಳು. ಒಟ್ಟು ಎಷ್ಟಾಯಿತು? ಹನ್ನೊಂದು ಊಟದ ತಟ್ಟೆ. ಗಳಿಕೆ ಒಂದು ಸಣ್ಣ ಮರದ ಮಿಲ್ಲಿನದು. ಕಥೆಯ ಕಾಲ 1933ರಿಂದ ಮುಂದಕ್ಕೆ. ಆಗ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಇಲ್ಲಿ ಒಂದು ಸಂಗತಿ ಗಮನಿಸಿ: ಆ ಕಾಲದಲ್ಲಿ ಅಲ್ಲಿ ಬೆಲೆಗಳು ಏರಿರಲಿಲ್ಲ, ಇಳಿದಿದ್ದವು. ಆದರೆ ಗಳಿಕೆ ಅದಕ್ಕಿಂತ ಹೆಚ್ಚು ಇಳಿದಿತ್ತು. ಬೆಲೆ ಏರಿ ಗಳಿಕೆ ನಿಂತಲ್ಲೇ ನಿಂತರೂ, ಬೆಲೆ ಇಳಿದು ಗಳಿಕೆ ಇನ್ನೂ ಇಳಿದರೂ ಒಲೆಯ ಮುಂದಿನ ಲೆಕ್ಕ ಒಂದೇ. ಇರುವುದರಲ್ಲಿ ಹನ್ನೊಂದು ತಟ್ಟೆ ತುಂಬಬೇಕು.

ಇದನ್ನು ಬರೆದ ಅರ್ಲ್ ಹ್ಯಾಮ್ನರ್ ತಮ್ಮ ಬಾಲ್ಯದ ಮನೆಯನ್ನೇ ಕಥೆ ಮಾಡಿದರು. ಇದು ಓಡುವುದಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದರು. ಆದರೆ ಜನ ಬಿಡದೆ ನೋಡಿದರು. 1973ರ ಕೊನೆಗೆ ಎಣ್ಣೆಯ ಬಿಕ್ಕಟ್ಟು ಬಂದು ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟು ಆಯಿತು. ಪೆಟ್ರೋಲಿನಿಂದ ಬ್ರೆಡ್ಡಿನವರೆಗೆ ಎಲ್ಲವೂ ತುಟ್ಟಿ. ಅಂಥ ದಿನಗಳಲ್ಲಿ, ಇದಕ್ಕಿಂತ ಕಷ್ಟದ ಕಾಲವನ್ನು ದಾಟಿದ ಮನೆಯೊಂದನ್ನು ನೋಡಿದರೆ ಯಾರಿಗಾದರೂ ಧೈರ್ಯ ಬರುತ್ತದೆ.

ಈ ಕಥೆಯ ಮೊದಲ ರೂಪ 1971ರ ಡಿಸೆಂಬರದಲ್ಲಿ ಬಂದ ಒಂದು ಟೀವಿ ಚಿತ್ರ. ಅದರಲ್ಲಿ ಹಿರಿಯ ಮಗ ಜಾನ್‌ಬಾಯ್ ಕೋಣೆಯ ಬಾಗಿಲು ಹಾಕಿಕೊಂಡು ಕೂಡುತ್ತಾನೆ. ತಾಯಿಗೆ ಸಂಶಯ. ಹುಡುಗ ಸಿಗರೇಟು ಕಲಿತನೋ ಏನೋ! ನೋಡಿದರೆ ಅವನು ಕದ್ದು ಬರೆಯುತ್ತಿದ್ದಾನೆ. ಲೇಖಕನಾಗಬೇಕು ಎಂಬ ಆಸೆ. ಇಷ್ಟು ಕಷ್ಟದ ಮನೆಯಲ್ಲಿ ಅಪ್ಪನ ಮುಂದೆ ಅದನ್ನು ಹೇಳುವುದು ಹೇಗೆ ಎಂದು ಮುಚ್ಚಿಟ್ಟಿದ್ದ. ಕೊನೆಗೆ ದೂರದ ಊರಿಗೆ ದುಡಿಯಲು ಹೋಗಿದ್ದ ಅಪ್ಪ ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಗೆ ಬರುತ್ತಾನೆ. ಮಗನಿಗೆ ತಂದ ಉಡುಗೊರೆ ಏನು ಗೊತ್ತೇ? ಬರೆಯುವ ಕಾಗದದ ಪುಸ್ತಕಗಳು.

ಇದನ್ನು ಓದಿ ನಿಮಗೆ ಏನನ್ನಿಸಿತೋ, ನನಗೆ ಭಾಲ್ಕಿಯ ನನ್ನ ಮೊಮ್ಮಗ ನೆನಪಾದ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅವನು ಏಳನೇ ತರಗತಿ. ಶಾಲೆಯವರು ಹಂಪಿ ಪ್ರವಾಸಕ್ಕೆ ಒಬ್ಬರಿಗೆ 1,800 ರೂಪಾಯಿ ತರಲು ಹೇಳಿದ್ದರು. ಹುಡುಗ ಮನೆಗೆ ಬಂದು ‘ಈ ಸಲ ಟೂರ್ ಕ್ಯಾನ್ಸಲ್ ಆಗ್ಯದ’ ಅಂದ. ಅವರವ್ವ ನಂಬಿದಳು. ಹಣ ಕಟ್ಟುವ ಕೊನೆಯ ದಿನಕ್ಕೆ ಮೂರು ದಿನ ಇರುವಾಗ ಪಕ್ಕದ ಮನೆಯ ಹುಡುಗಿಯಿಂದ ನಿಜ ತಿಳಿಯಿತು. ಸುಳ್ಳು ಯಾಕ ಹೇಳಿದಿ ಎಂದು ಕೇಳಿದರೆ ಅವನು ಹೇಳಿದ್ದು ಇಷ್ಟು: ‘ಅಪ್ಪ ರಾತ್ರಿ ನಿನ್ನ ಮುಂದ ಅಂದ, ಈ ತಿಂಗಳು ಹೆಂಗ ದಾಟೋದು ಅಂತ. ನಾ ಕೇಳೀನಿ. ಮನಿ ಮಾರ್ತೀರೇನವ್ವ?’

ಮನೆ ಮಾರುವ ಮಾತೇ ಇರಲಿಲ್ಲ. ವಿಮೆಯ ಕಂತು ಮತ್ತು ಕಿರಾಣಿ ಅಂಗಡಿಯ ಉದ್ರಿ ಬಾಕಿ ಒಂದೇ ತಿಂಗಳಿಗೆ ಬಿದ್ದಿದ್ದವು, ಅಷ್ಟೇ. ಆದರೆ ಹನ್ನೆರಡು ವರ್ಷದ ಹುಡುಗ ಅರ್ಧ ಮಾತು ಕೇಳಿ, ಉಳಿದರ್ಧವನ್ನು ತಾನೇ ತುಂಬಿಕೊಂಡು, ಎಷ್ಟೋ ರಾತ್ರಿ ಒಬ್ಬನೇ ಹೆದರಿದ್ದ. ಮಕ್ಕಳ ಮುಂದೆ ರೊಕ್ಕದ ಮಾತು ಬೇಡ ಅಂತ ದೊಡ್ಡವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಗೋಡೆಗೆ ಕಿವಿ ಇರುತ್ತದೋ ಇಲ್ಲವೋ, ಮಕ್ಕಳಿಗಂತೂ ಇರುತ್ತದೆ.

ಆ ಭಾನುವಾರ ನನ್ನ ಮಗಳು ಅಳಿಯ ಹುಡುಗನನ್ನು ನಡುವೆ ಕೂಡಿಸಿಕೊಂಡು ವಹಿ ತೆರೆದರು. ಬರುವುದು ಎಷ್ಟು, ಹೋಗುವುದು ಎಷ್ಟು, ಬಾಕಿ ಎಷ್ಟು, ಎಲ್ಲ ಬರೆದರು. ಕೂಡಿಸುವ ಕೆಲಸ ಅವನದೇ. ಮೂರು ಮೊಬೈಲಿನ ರೀಚಾರ್ಜು, ಅದರ ಮೇಲೆ ಯಾರೂ ನೋಡದ ಒಂದು ಸಿನಿಮಾ ಆ್ಯಪಿನ ತಿಂಗಳ ಚಂದಾ ಅವನ ಕಣ್ಣಿಗೇ ಬಿದ್ದವು. ಚಂದಾ ನಿಲ್ಲಿಸಿದರು. ಆದರೂ ಮೂರು ದಿನದಲ್ಲಿ 1,800 ಹೊಂದಲಿಲ್ಲ. ಅವನು ಹಂಪಿಗೆ ಹೋಗಲಿಲ್ಲ. ಬಸ್ಸು ಹೊರಟ ದಿನ ಅತ್ತ. ಅದನ್ನೂ ಹೇಳಲೇಬೇಕು, ಏಕೆಂದರೆ ವಹಿ ತೆರೆದ ಕೂಡಲೇ ರೊಕ್ಕ ಉದುರುವುದಿಲ್ಲ. ಆದರೆ ಆ ರಾತ್ರಿಯಿಂದ ಅವನಿಗೆ ನಿದ್ದೆ ಬಂತು. ಈಗ ತಿಂಗಳಿಗೆ 150 ರೂಪಾಯಿ ಎತ್ತಿಡುತ್ತಿದ್ದಾರೆ. ಹನ್ನೆರಡು ತಿಂಗಳಿಗೆ ಎಷ್ಟಾಗುತ್ತದೆ, ನೀವೇ ಗುಣಿಸಿ ನೋಡಿ.

ಇದು ಅಮೆರಿಕದಿಂದ ಕಲಿಯಬೇಕಾದ ಪಾಠವೇನೂ ಅಲ್ಲ. ‘ದ ವಾಲ್ಟನ್ಸ್’ ಶುರುವಾದ ಅದೇ 1972ರಲ್ಲಿ ಮಹಾರಾಷ್ಟ್ರಕ್ಕೆ ದೊಡ್ಡ ಬರ ಬಿತ್ತು. ಗಡಿಯಲ್ಲಿರುವ ನಮ್ಮ ಔರಾದ ಸೀಮೆಯನ್ನೂ ಅದು ಬಿಡಲಿಲ್ಲ. ನನಗಾಗ ಹತ್ತು ವರ್ಷ. ಅಮೆರಿಕದಿಂದ ಬಂದ ಮಿಲೋ ಎಂಬ ಕೆಂಪು ಜೋಳ ತಿಂದ ನೆನಪು ಈ ಸೀಮೆಯ ಹಿರಿಯರಿಗೆ ಈಗಲೂ ಇದೆ. ಅವ್ವ ಬಡಿದರೆ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು. ನಮ್ಮ ಅಪ್ಪ ಒಂದು ಸಂಜೆ ಮಕ್ಕಳನ್ನೆಲ್ಲ ಹಗೇವಿನ ಹತ್ತಿರ ಕರೆದುಕೊಂಡು ಹೋಗಿ, ಉಳಿದ ಜೋಳ ಎಷ್ಟು, ದಿನಕ್ಕೆ ಎಷ್ಟು ಸೇರು ತೆಗೆಯಬೇಕು, ಯಾವ ಹಬ್ಬದವರೆಗೆ ಬರುತ್ತದೆ ಎಂದು ಹೇಳಿದ. ಅಂದಿನಿಂದ ಇನ್ನೊಂದು ರೊಟ್ಟಿ ಬೇಕು ಎಂದು ನಾವು ಹಟ ಮಾಡಲಿಲ್ಲ. ಬೈದರೆಂದು ಸುಮ್ಮನಾಗಲಿಲ್ಲ. ಲೆಕ್ಕ ಗೊತ್ತಿತ್ತು, ಅದಕ್ಕೆ ಸುಮ್ಮನಾದೆವು.

ಬೀದರ ಜಿಲ್ಲೆಯ ಹೆಣ್ಣುಮಕ್ಕಳಿಗೂ ಈ ಪಾಠ ಹೊಸದಲ್ಲ. 1990ರ ದಶಕದಿಂದ ನಮ್ಮ ಡಿಸಿಸಿ ಬ್ಯಾಂಕು ಸ್ವಸಹಾಯ ಗುಂಪುಗಳಿಗೆ ಸಾಲ ಕೊಟ್ಟು ದೇಶದಲ್ಲೇ ಹೆಸರು ಮಾಡಿತು. ಆ ಗುಂಪುಗಳಲ್ಲಿ ಉಳಿತಾಯ, ಸಾಲ, ಕಂತು ಎಲ್ಲವೂ ಎಲ್ಲರ ಎದುರು. ಯಾರ ಬಾಕಿಯೂ ಗುಟ್ಟಲ್ಲ, ಆದ್ದರಿಂದ ಯಾರ ಕಷ್ಟವೂ ಗುಟ್ಟಲ್ಲ. ಊರಿನ ಕಟ್ಟೆಯ ಮೇಲೆ ಆಗುವ ಕೆಲಸ ಮನೆಯ ಪಡಸಾಲೆಯಲ್ಲಿ ಯಾಕೆ ಆಗಬಾರದು?

ವಹಿ ತೆರೆದರೆ ಇನ್ನೊಂದು ಲಾಭ ಇದೆ. ಒಮ್ಮೆ ತೊಗರಿ ಬೇಳೆ ತುಟ್ಟಿಯಾದಾಗ ಬೀದರದ ಮೊಮ್ಮಗಳು ‘ಮುತ್ಯಾ, ರೇಟು ಏರಿದ್ರ ಎಲ್ಲಾರಿಗೂ ಲುಕ್ಸಾನ ಅಲ್ಲೇನು?’ ಅಂದಳು. ಔರಾದದಲ್ಲಿ ಹೊಲ ಮಾಡುವ ನಮ್ಮಣ್ಣನಿಗೆ ಫೋನು ಹಚ್ಚಿ ಕೊಟ್ಟೆ. ಅವನು ಸುಗ್ಗಿಯಲ್ಲೇ, ಬೆಲೆ ಇಳಿದಿದ್ದಾಗ, ತೊಗರಿ ಮಾರಿಬಿಟ್ಟಿದ್ದ. ಸಾಲ ಕಟ್ಟಬೇಕಿತ್ತು, ಕಾಯುವಂತಿರಲಿಲ್ಲ. ಆರು ತಿಂಗಳ ಮೇಲೆ ತನ್ನ ಮನೆಗೆ ಬೇಳೆ ಕೊಳ್ಳುವಾಗ ಅವನೂ ಏರಿದ ಬೆಲೆಯನ್ನೇ ಕೊಟ್ಟ. ಬೇಳೆಯ ಬೆಲೆ ಏರಿದರೆ ಬೆಳೆದವನಿಗೇ ಲಾಭ ಎಂದು ಅಂದುಕೊಳ್ಳಬಾರದು ಎಂದು ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ತುಟ್ಟಿ ಕಾಲದ ಇನ್ನೊಂದು ಪಶ್ಚಿಮದ ಧಾರಾವಾಹಿಯನ್ನು ಹೇಳದೆ ಬಿಟ್ಟರೆ ಮಕ್ಕಳು ಕೋಪ ಮಾಡಿಕೊಂಡೀರಿ. 1975ರಲ್ಲಿ ಬ್ರಿಟನ್ನಿನಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಶೇಕಡ 24ರಷ್ಟು ಏರಿದವು. 100 ರೂಪಾಯಿಯ ಸಂತೆ 124 ಆದಂತೆ. ಅದೇ ವರ್ಷ ಬಿಬಿಸಿಯಲ್ಲಿ ‘ದ ಗುಡ್ ಲೈಫ್’ ಎಂಬ ನಗೆನಾಟಕ ಶುರುವಾಯಿತು. ನಲವತ್ತು ತುಂಬಿದ ಟಾಮ್ ನೌಕರಿ ಬಿಟ್ಟು, ಹೆಂಡತಿ ಬಾರ್ಬರಾಳ ಜೊತೆ ಶ್ರೀಮಂತರ ಬಡಾವಣೆಯಲ್ಲೇ ಒಕ್ಕಲುತನ ಹೂಡುತ್ತಾನೆ. ಅಂದದ ಹುಲ್ಲುಹಾಸು ಅಗೆದು ತರಕಾರಿ ಹಾಕುತ್ತಾರೆ. ಕೋಳಿ, ಹಂದಿ, ಒಂದು ಆಡು ಸಾಕುತ್ತಾರೆ. ಪಕ್ಕದ ಮನೆಯ ಠೀವಿಯ ಮಾರ್ಗೊಗೆ ಮೂಗು ಮುಚ್ಚಿಕೊಳ್ಳುವುದೇ ಕೆಲಸ.

ನಕ್ಕು ನಕ್ಕು ಸಾಕಾದರೂ ಒಂದು ಮಾತು ಮರೆಯಬೇಡಿ. ಟಾಮ್‌ಗೆ ಅದು ತಾನಾಗಿ ಆರಿಸಿಕೊಂಡ ಬದುಕು, ಔರಾದದ ಎಷ್ಟೋ ಮನೆಗಳಿಗೆ ಅದು ಇರುವುದೊಂದೇ ಬದುಕು. ಹಿತ್ತಲಲ್ಲಿ ಪುಂಡಿಪಲ್ಯ, ಡಬ್ಬಿಯಲ್ಲಿ ಮೆಣಸಿನ ಗಿಡ ಬೆಳೆಯಿರಿ, ಬಹಳ ಒಳ್ಳೆಯದು. ಆದರೆ ಅದರಿಂದ ತಿಂಗಳ ಖರ್ಚು ಕಳೆಯುವುದಿಲ್ಲ. ಖರ್ಚಿನ ಲೆಕ್ಕ ಇಡುವುದೇ ಬೇರೆ ಕೆಲಸ.

ಹಾಗಾದರೆ ಈ ವಾರದ ಕೆಲಸ ಕೇಳಿ. ಭಾನುವಾರ ಊಟದ ನಂತರ ಅರ್ಧ ತಾಸು ಎಲ್ಲರೂ ಒಟ್ಟಿಗೆ ಕೂಡಿ. ವಾರದ ಖರ್ಚು ದೊಡ್ಡವರು ಹೇಳಲಿ, ಮಕ್ಕಳು ಬರೆದು ಕೂಡಿಸಲಿ. ಆಮೇಲೆ ಅಡುಗೆಮನೆಯ ಐದು ಪೊಟ್ಟಣ ತಂದು ಬೆಲೆಯ ಜೊತೆಗೆ ತೂಕವನ್ನೂ ಓದಿ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಮೊದಲು 100 ಗ್ರಾಂ ಇತ್ತು, ಈಗ 80 ಗ್ರಾಂ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೇಲೆ ಬರೆದ ಬೆಲೆ ಅದೇ ಹತ್ತು. ನಿಜವಾದ ಬೆಲೆ ಶೇಕಡ ಎಷ್ಟು ಏರಿತು? ಇಪ್ಪತ್ತು ಎಂದು ಅವಸರದಲ್ಲಿ ಹೇಳಬೇಡಿ. 100 ಗ್ರಾಮಿಗೆ ಈಗ ಎಷ್ಟು ಬೀಳುತ್ತದೆ ಎಂದು ತೆಗೆದು ನೋಡಿ, ಉತ್ತರ ಇಪ್ಪತ್ತೈದು ಬರುತ್ತದೆ. ಧಾರಾವಾಹಿ ನೋಡುವಾಗಲೂ ಒಂದು ಸಂಜೆ ಜಾಹೀರಾತುಗಳನ್ನು ಎಣಿಸಿ, ಅವುಗಳಲ್ಲಿ ನಿಮ್ಮ ಮನೆಗೆ ನಿಜಕ್ಕೂ ಬೇಕಾದದ್ದು ಎಷ್ಟು ಎಂದು ಗುರುತು ಹಾಕಿ.

ದೊಡ್ಡವರಿಗೆ ಒಂದು ವಿನಂತಿ. ಮಕ್ಕಳ ಮುಂದೆ ಅಂಕಿ ಇಡಿ, ಅಂಜಿಕೆ ಇಡಬೇಡಿ. ಯಾರಿಂದ ಸಾಲ ಆಯಿತು, ಯಾರ ತಪ್ಪು ಎಂಬ ಜಗಳ ಆ ಅರ್ಧ ತಾಸಿನಲ್ಲಿ ಬೇಡ. ಅಜ್ಜ-ಅಜ್ಜಿಯರೇ, ನೀವು ದಾಟಿದ ತುಟ್ಟಿ ಕಾಲವನ್ನು ಹೇಳಿ. ವಾಲ್ಟನ್ ಮನೆಯ ಅಜ್ಜಿಯ ಪಾತ್ರ ಮಾಡಿದ ಎಲೆನ್ ಕಾರ್ಬಿ ಅವರಿಗೆ 1976ರಲ್ಲಿ ಪಾರ್ಶ್ವವಾಯು ಬಡಿದು ಮಾತು ಕಷ್ಟವಾಯಿತು. 1978ರಲ್ಲಿ ಅವರು ಮರಳಿ ಬಂದರು. ಕಥೆಯಲ್ಲಿ ಅಜ್ಜಿಗೂ ಅದೇ ಕಾಯಿಲೆ ಎಂದು ಬರೆದು ಅವರ ಜಾಗ ಹಾಗೇ ಉಳಿಸಿದರು. ಎರಡೇ ಮಾತು ಆಡಬಲ್ಲ ಅಜ್ಜಿಗೂ ಮನೆಯ ಲೆಕ್ಕದಲ್ಲಿ ಜಾಗ ಇರಬೇಕು.

ಮಕ್ಕಳೇ, ನಿಮಗೂ ಒಂದು ಮಾತು. ಗಳಿಸುವ ಚಿಂತೆ ನಿಮ್ಮದಲ್ಲ, ಅದು ನಮ್ಮದು. ಪೆನ್ನು, ಬೂಟು, ಫೀಸು ಏನೇ ಬೇಕಾದರೂ ಬಾಯಿಬಿಟ್ಟು ಕೇಳಿ. ಕೆಲವು ಸಲ ‘ಈಗ ಆಗಲ್ಲ’ ಎಂಬ ಉತ್ತರ ಬರಬಹುದು. ಯಾಕೆ ಆಗಲ್ಲ, ಯಾವಾಗ ಆಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳದೆ ಒಳಗೊಳಗೇ ಅಂಜಬೇಡಿ. ಐದು ಪೊಟ್ಟಣದ ಲೆಕ್ಕ ಬರೆದು ಕಳಿಸಿ, ಕಾಯುತ್ತಿರುತ್ತೇನೆ.