ಕಲ್ಲಿನ ಮುಂದೆ ಉಪನ್ಯಾಸ

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆದಾಗ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ, ಕಿತ್ತಯ್ಯನ ಶಾಸನ ಹೊರಬಂದಿತು. ನಾಗರಿಕರ ಆಸ್ಥೆಯಿಂದ ಅದು ಉಳಿಯಿತು. ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಅಚ್ಚು ಮಾಡಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳಲ್ಲಿ ಎಷ್ಟೋ ಇಂದು ಗ್ರಂಥದಲ್ಲಿ ಮಾತ್ರ ಜೀವಿಸಿವೆ.

ಊರಿನ ಚರಿತ್ರೆಯನ್ನು ಅರಸುವ ವಿದ್ವಾಂಸರು ಸಭಾಭವನಗಳಲ್ಲಿ ಉಪನ್ಯಾಸ ಮಾಡುತ್ತಿರುವುದು ಸ್ತುತ್ಯವೇ. ಆದರೆ ಅಲ್ಲಿಗೆ ಬರುವವರು ಬಹುಮಟ್ಟಿಗೆ ಮೊದಲೇ ಒಲಿದವರು. (ಹಾರತುರಾಯಿಗಳಿಗೇ ಅರ್ಧ ಹೊತ್ತು ಸಲ್ಲುವುದು ಬೇರೆಯ ಮಾತು.) ಶಾಸನವನ್ನು ಪಾಯಕ್ಕೆ ಹಾಕಬಲ್ಲವನೂ ಅದನ್ನು ಕಾಯಬಲ್ಲವನೂ ಅದರ ನೆರೆಯವನೇ. ವಿದ್ವಾಂಸರು ಅವನ ಬೀದಿಗೆ ಹೋಗಿ, ಕಲ್ಲಿನ ಮುಂದೆ ನಿಂತು, ಅಕ್ಷರ ಅಕ್ಷರವನ್ನೂ ತೋರಿಸಿ ಓದಿ ಹೇಳಲಿ. ಬೇಗೂರಿನ ಸುಮಾರು 890ರ ಶಾಸನದಲ್ಲಿ ತನ್ನ ನಗರದ ಹೆಸರನ್ನು ಕಣ್ಣಾರೆ ಕಂಡ ಬಾಲಕನು, ನಾಳೆ ಯಾರಾದರೂ ಅದಕ್ಕೆ ಸುಣ್ಣ ಬಳಿಯಲು ಬಂದರೆ ಸುಮ್ಮನಿರಲಾರನು.