ತಲೆ ಎಣಿಸಿ ದಾರಿ ಕೊಡುವ ಸರ್ಕಾರ

"ನಿಮ್ಮ ಊರಲ್ಲಿ ಜನ ಎಷ್ಟು?" ರಸ್ತೆ ಕೇಳಲು ಹೋದ ಹಳ್ಳಿಗನಿಗೆ ಕಚೇರಿಯ ಮೊದಲ ಪ್ರಶ್ನೆ ಇದು. ಬಸ್ಸು ಕೇಳಲು ಡಿಪೋಗೆ ಹೋದರೆ, "ಕಲೆಕ್ಷನ್ ಆಗುವುದಿಲ್ಲ" ಎಂಬ ಉತ್ತರ. ಜನ ಕಡಿಮೆ, ಆದ್ದರಿಂದ ದಾರಿಯಿಲ್ಲ. ದಾರಿಯಿಲ್ಲ, ಆದ್ದರಿಂದ ಜನ ಊರು ಬಿಡುತ್ತಾರೆ. ಊರು ಬಿಟ್ಟದ್ದರಿಂದ ಜನ ಇನ್ನೂ ಕಡಿಮೆ. ಹಳ್ಳಿಯನ್ನು ಈ ಗಾಣಕ್ಕೆ ಕಟ್ಟಿದವರು ಯಾರೆಂದು ನಾವು ಕೇಳುತ್ತೇವೆ.

ಗಿರಣಿ ಕಾರ್ಮಿಕ ಬಂಧುಗಳೇ, ಪೇಟೆಯ ಸಣ್ಣ ವರ್ತಕರೇ, ಇದು ಎಲ್ಲಿಯೋ ಕಾಡಿನವರ ಗೋಳೆಂದು ಪುಟ ತಿರುವಬೇಡಿ. ಸಾಗರ ತಾಲ್ಲೂಕಿನ ತುಮರಿ ಕಡೆಯ ಹಳ್ಳಿಗಳನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರು ಗದ್ದೆ, ತೋಟ, ಮನೆ, ಹಳೆಯ ದಾರಿಗಳನ್ನು ನುಂಗಿತು. ಆ ನೀರಿನ ಬಲದಿಂದ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ನಡೆಯುತ್ತಿದೆ. ನಾಡಿನ ಗಿರಣಿಗಳ ಯಂತ್ರ ತಿರುಗಿದ್ದಕ್ಕೆ, ಅಂಗಡಿಗಳ ದೀಪ ಉರಿದದ್ದಕ್ಕೆ ಆ ಜನ ತಮ್ಮ ನೆಲ ತೆತ್ತಿದ್ದಾರೆ.

ಅವರಿಗೆ ಸಿಕ್ಕ ದಾರಿ ಲಾಂಚು. ಸಂಜೆಯ ಕಡೆಯ ಲಾಂಚು ಹೋಯಿತೆಂದರೆ ಬೆಳಗಾಗುವವರೆಗೆ ಕಾಯಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ಹತ್ತಾರು ಮೈಲಿ ಸುತ್ತಬೇಕಿತ್ತು. ಮಳೆ ಕೈಕೊಟ್ಟ ವರ್ಷ ನೀರಿಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಹೆರಿಗೆಯ ನೋವು ಲಾಂಚಿನ ವೇಳೆ ನೋಡಿ ಬರುತ್ತದೆಯೇ?

ನೀರು ತಡೆಯಲು ಎರಡು ಕಿಲೋಮೀಟರಿಗೂ ಉದ್ದದ ಅಣೆಕಟ್ಟು ಕಟ್ಟಿದವರಿಗೆ, ಆ ನೀರು ದಾಟಲು 2.44 ಕಿಲೋಮೀಟರಿನ ಸೇತುವೆ ಕೊಡಲು 61 ವರ್ಷ ಬೇಕಾಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯ ಉದ್ಘಾಟನೆಯಾಯಿತು. ಸಂತೋಷ. ಆದರೆ ಆಚೆ ದಡದ ಸಿಗಂದೂರು ದೇವಸ್ಥಾನಕ್ಕೆ ನಾಡಿನೆಲ್ಲೆಡೆಯಿಂದ ಭಕ್ತರು ಬಾರದಿದ್ದರೆ, ತುಮರಿಯವರ ತಲೆಯೆಣಿಕೆಯೊಂದರ ಮೇಲೆ ಈ ಸೇತುವೆ ಏಳುತ್ತಿತ್ತೇ? ಭಕ್ತರು ಬರಲಿ, ನಮ್ಮ ತಕರಾರಿಲ್ಲ. ನೆಲ ಕಳೆದುಕೊಂಡವರ ಹಕ್ಕು ಇಷ್ಟು ವರ್ಷ ಲೆಕ್ಕಕ್ಕೆ ಬಾರದ್ದೇಕೆ?

ಸೇತುವೆ ಬಂದರೂ ತಲೆಯೆಣಿಕೆಯ ನಿಯಮ ಹೋಗಿಲ್ಲ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ಬಯಲು ಪ್ರದೇಶವಾದರೆ 500 ಜನರಿರುವ ವಸತಿಗೆ ರಸ್ತೆ. ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿದ್ದರೆ ಸಾಕು. ಕರ್ನಾಟಕ ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. 2024ರಲ್ಲಿ ಮಂಜೂರಾದ ನಾಲ್ಕನೆಯ ಹಂತಕ್ಕೂ ಆಧಾರ 2011ರ ಜನಗಣತಿಯೇ. 2021ರಲ್ಲಿ ಗಣತಿ ನಡೆಯಲೇ ಇಲ್ಲ. ಮಲೆನಾಡಿನಲ್ಲಿ ತೋಟಕ್ಕೊಂದು ಮನೆ, ಗುಡ್ಡದಾಚೆಗೆ ಇನ್ನೊಂದು. ಇವೆಲ್ಲ ಕೂಡಿ 500 ಆಗುವುದೆಂದು? 499 ಜನರ ಊರಿನಲ್ಲಿ ಕೆಸರು ಕಡಿಮೆಯೇ?

2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಒಳ್ಳೆಯ ಕೆಲಸ. ಬಸ್ಸೇ ಬಾರದ ಊರಿನ ತಾಯಿಗೆ ಅದರಿಂದ ಏನು ಬಂತು?

ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಅಳೆಯುವ ಧಣಿಯ ಕೊಳಗ ದೊಡ್ಡದೆಂಬುದು ಅವರ ದೂರುಗಳಲ್ಲೊಂದು. ಅಂದು ಧಣಿಯ ಕೊಳಗ, ಇಂದು ಸರ್ಕಾರದ ಈ 500ರ ಕೊಳಗ. ಸುಳ್ಳು ಅಳತೆಯನ್ನು ಒಪ್ಪಿಕೊಂಡ ಬಡವನಿಗೆ ಎಂದೂ ನ್ಯಾಯ ಸಿಕ್ಕಿಲ್ಲ.

ನಮ್ಮ ಬೇಡಿಕೆ ಮೂರು. ನಾಡಿನ ಯೋಜನೆಗಾಗಿ ನೆಲ ಕೊಟ್ಟ ಹಳ್ಳಿಗೆ ಜನಸಂಖ್ಯೆ ಕೇಳದೆ ರಸ್ತೆ ಕೊಡಿ. ಚದುರಿದ ಮನೆಗಳ ಸೀಮೆಗೆ 500ರ ನಿಯಮ ತೆಗೆಯಿರಿ. ಶಾಲೆಯ ಹೊತ್ತಿಗೊಂದು, ಸಂತೆಯ ಹೊತ್ತಿಗೊಂದು ಬಸ್ಸನ್ನು ಕಲೆಕ್ಷನ್ ನೋಡದೆ ಓಡಿಸಿ.

ಕಾರ್ಮಿಕ ಬಂಧುಗಳೇ, ನಿಮ್ಮಲ್ಲಿ ಬಹುಮಂದಿ ಇಂಥ ಊರು ಬಿಟ್ಟು ಬಂದವರೇ. ವರ್ತಕರೇ, ಆ ದಾರಿಯಲ್ಲೇ ನಿಮ್ಮ ಗಿರಾಕಿ ಬರಬೇಕು. ಓಟು ಕೇಳುವವರು ಕಟ್ಟಕಡೆಯ ಮನೆಗೂ ದಾರಿ ಹುಡುಕಿಕೊಂಡು ಬರುತ್ತಾರೆ. ಅಂದು ಈ ಲೆಕ್ಕವನ್ನು ಅವರ ಮುಂದಿಡಿ.