ಶಾಸ್ತ್ರಸಾಹಿತ್ಯದ ಇಂದಿನ ಹೊಣೆ: ಜಾಲದ ಬೇರನ್ನು ಕುರಿತು ಒಂದು ಟಿಪ್ಪಣಿ

ಕನ್ನಡ ಶಾಸ್ತ್ರಸಾಹಿತ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಚರಿತ್ರೆಯ ಚೌಕಟ್ಟಿನೊಳಗೇ ನಡೆದಿವೆ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’, 12ನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ ಮೊದಲಾದ ಕೃತಿಗಳ ಕಾಲ, ಕರ್ತೃ, ಛಂದಸ್ಸುಗಳನ್ನು ನಾವು ಚರ್ಚಿಸಿದ್ದೇವೆ. ಆದರೆ ಅವು ಜನರ ನಿತ್ಯದ ಕೆಲಸಗಳಿಗೆ ನೆರವಾಗಲೆಂದು ರಚಿತವಾದವು ಎಂಬ ಸಂಗತಿ ಇಂದಿನ ಕನ್ನಡ ವಿಭಾಗಗಳ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ ಎಂದು ಕೇಳಿಕೊಂಡದ್ದು ಕಡಿಮೆ. ಗಣಕಜಾಲದ ‘ಸ್ಪ್ಯಾನಿಂಗ್ ಟ್ರೀ’ ಎಂಬ ಸಣ್ಣ ವಿಷಯವೊಂದನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಎತ್ತುವುದು ಇಲ್ಲಿನ ಉದ್ದೇಶ.

ಚನ್ನಗಿರಿ, ಹೊನ್ನಾಳಿ, ಜಗಳೂರು ಹಾಗೂ ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ನ್ಯಾಮತಿ, ಇವುಗಳಲ್ಲೊಂದು ಊರಿನ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸ ವೃತ್ತಿಯಲ್ಲಿದ್ದಾಗ, ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ ಇಡೀ ಜಾಲ ಸ್ತಬ್ಧವಾಯಿತು. ಯಾರೋ ಎರಡು ಸ್ವಿಚ್ಚುಗಳ ನಡುವೆ ಹೆಚ್ಚುವರಿ ತಂತಿಯೊಂದನ್ನು ಜೋಡಿಸಿದ್ದರು. ಅದರಿಂದಾಗುವ ಅನಾಹುತವನ್ನು ತಡೆಯುವ ವ್ಯವಸ್ಥೆ ಸ್ವಿಚ್ಚಿನಲ್ಲೇ ಇದ್ದರೂ ಅದನ್ನು ಚಾಲನೆಗೊಳಿಸಿರಲಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿತ್ತು, ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದವರು ಕನ್ನಡವನ್ನಷ್ಟೇ ಬಲ್ಲವರು. ಕಾರಣ ತಿಳಿಯುವ ಹೊತ್ತಿಗೆ ಸಂಜೆಯಾಗಿತ್ತು. ಕೆಲವರ ಅರ್ಜಿಗಳು ಸಲ್ಲಿಕೆಯಾಗಲೇ ಇಲ್ಲ.

ವಿಷಯ ಅಷ್ಟೇನೂ ಜಟಿಲವಾದುದಲ್ಲ. ಸ್ವಿಚ್ಚುಗಳ ನಡುವೆ ದಾರಿಗಳು ಬಳಸಿಬಂದು ಸುತ್ತಾದರೆ, ಎಲ್ಲರಿಗೂ ಹೊರಡಿಸಿದ ಸಂದೇಶ ಅದರಲ್ಲಿ ಕೊನೆಯಿಲ್ಲದೆ ಸುತ್ತುತ್ತ ಜಾಲವನ್ನೇ ಮುಳುಗಿಸುತ್ತದೆ. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು. ಸೂಳೆಕೆರೆಯ ಅಚ್ಚುಕಟ್ಟಿನ ರೈತರ ಮಾತಿನಲ್ಲಿ ಹೇಳುವುದಾದರೆ, ಕಾಲುವೆ ಎರಡಿದ್ದರೂ ಒಂದರ ತೂಬು ಮುಚ್ಚಿರುತ್ತದೆ. ಮೊದಲನೆಯದು ಒಡೆದಾಗ ಮಾತ್ರ ಎರಡನೆಯದು ತೆರೆಯುತ್ತದೆ.

ಯಾವ ತೂಬನ್ನು ಮುಚ್ಚಬೇಕೆಂಬುದು ‘ಬೇರು’ ಸ್ವಿಚ್ಚು ಯಾವುದೆಂಬುದನ್ನು ಅವಲಂಬಿಸಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಕೇಂದ್ರ ಬದಲಾದೊಡನೆ ಕಡತಗಳ ದಾರಿಯೂ ಬದಲಾಯಿತು. ಜಾಲದಲ್ಲಿಯೂ ಹಾಗೆಯೇ. ಪ್ರತಿ ಸ್ವಿಚ್ಚಿಗೂ ಮೊದಲೇ 32768 ಎಂಬ ಆದ್ಯತಾಂಕವಿದ್ದು, ಕಡಿಮೆ ಅಂಕದ್ದು ಬೇರಾಗುತ್ತದೆ. ಎಲ್ಲವೂ ಸಮನಾಗಿದ್ದರೆ ಯಂತ್ರದ ವಿಳಾಸ ಕಿರಿದಾಗಿರುವುದು ಗೆಲ್ಲುತ್ತದೆ. ಹೀಗಾಗಿ ಮೂಲೆಯಲ್ಲಿರುವ ಹಳೆಯ, ದುರ್ಬಲ ಸ್ವಿಚ್ಚೇ ಇಡೀ ಜಾಲಕ್ಕೆ ಬೇರಾಗಿಬಿಡಬಹುದು. ಆದ್ಯತಾಂಕ 4096ರ ಗುಣಕದಲ್ಲಿರಬೇಕು. ನಡುವಣ ಬಲವಾದ ಸ್ವಿಚ್ಚಿಗೆ 4096, ಅದರ ಬದಲಿಗೆ ನಿಲ್ಲಬಲ್ಲದಕ್ಕೆ 8192 ಎಂದು ನಮೂದಿಸಿದರೆ ಆಯ್ಕೆ ಆಕಸ್ಮಿಕಕ್ಕೆ ಬಿಟ್ಟದ್ದಾಗುವುದಿಲ್ಲ.

ಕಾಲಮಿತಿಗಳೂ ಬೇರಿನಿಂದಲೇ ಹರಿಯುತ್ತವೆ. ಬೇರು 2 ಸೆಕೆಂಡಿಗೊಮ್ಮೆ ತನ್ನ ಇರವನ್ನು ಸಾರುತ್ತದೆ. 20 ಸೆಕೆಂಡು ಆ ಸುದ್ದಿ ಬಾರದಿದ್ದರೆ ದಾರಿ ಕಡಿದಿದೆಯೆಂದು ಉಳಿದವು ಭಾವಿಸುತ್ತವೆ. ಹೊಸ ದಾರಿ ತೆರೆಯುವ ಮುನ್ನ ಆಲಿಸಲು 15, ಅರಿಯಲು 15 ಸೆಕೆಂಡು ಬೇಕು. ಒಟ್ಟು 50 ಸೆಕೆಂಡು. ಬೇರಲ್ಲದ ಸ್ವಿಚ್ಚಿನಲ್ಲಿ ಈ ಅಂಕಿಗಳನ್ನು ತಿದ್ದಿ ಫಲವಿಲ್ಲ. ಬೇರಿನಲ್ಲಿಯೂ ಅವಸರದಿಂದ ತಗ್ಗಿಸಿದರೆ ಸುತ್ತು ಮರಳಿ ಹುಟ್ಟೀತು. 2001ರಲ್ಲಿ ಬಂದ ಕ್ಷಿಪ್ರ ರೂಪವನ್ನು ಬಳಸುವುದೇ ಲೇಸು.

ಇದು ತಂತ್ರಜ್ಞರ ಕೆಲಸ, ನಮ್ಮದಲ್ಲ ಎಂಬ ಆಕ್ಷೇಪ ಸಹಜ. ಆದರೆ ಪಂಪಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದವರೂ ಹೌದು ಎಂಬುದನ್ನು ಮರೆಯುವಂತಿಲ್ಲ. ಪರ್ಲ್‌ಮನ್ ಕೂಡ ತಮ್ಮ ವಿಧಾನದ ಸಾರವನ್ನು, ಮರವನ್ನು ಕುರಿತ ಜಾಯ್ಸ್ ಕಿಲ್ಮರ್‌ನ ಪ್ರಸಿದ್ಧ ಕವಿತೆಯ ಧಾಟಿಯಲ್ಲಿ, ಕಿರುಪದ್ಯವೊಂದರಲ್ಲಿ ಹೇಳಿ ತಮ್ಮ ಸಂಶೋಧನ ಪ್ರಬಂಧದಲ್ಲಿಯೇ ಅಚ್ಚುಮಾಡಿಸಿದರು. ಗಣಿತದ ಲೆಕ್ಕಗಳನ್ನು ಪದ್ಯಕ್ಕಿಳಿಸಿದ ರಾಜಾದಿತ್ಯನಿಗೆ ಇದು ಅಪರಿಚಿತ ಮಾರ್ಗವೆನಿಸುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಶಾಸ್ತ್ರಸಾಹಿತ್ಯವನ್ನು ಓದುವ ಪ್ರತಿ ಎಂ.ಎ. ವಿದ್ಯಾರ್ಥಿಯೂ ಗಣಕವಿಜ್ಞಾನದ ಸಹಪಾಠಿಯೊಬ್ಬರ ನೆರವಿನಿಂದ ತನ್ನ ಕಾಲೇಜಿನ ಜಾಲದ ಬಗೆಗೆ ಒಂದು ಪುಟದ ಕನ್ನಡ ಸೂಚನೆಯನ್ನು ಬರೆಯಲಿ: ಬೇರು ಯಾವುದು, ಬದಲಿ ಯಾವುದು, ಯಾವ ತಂತಿಯನ್ನು ಮುಟ್ಟಬಾರದು. ಪದಕೋಶದಲ್ಲೇ ಉಳಿಯುವ ಸಮಾಸಪದಗಳನ್ನು ಟಂಕಿಸದೆ ಬೇರು, ತೂಬು, ಕವಲು ಎಂಬ ರೂಢಿಯ ಮಾತುಗಳನ್ನೇ ಬಳಸಲಿ. ಸ್ವಿಚ್ಚು ಸ್ವಿಚ್ಚಾಗಿಯೇ ಇರಲಿ. ಆ ಪುಟವನ್ನು ಸ್ವಿಚ್ಚಿನ ಪಕ್ಕದ ಗೋಡೆಗೆ ಅಂಟಿಸಿ, ಪ್ರಯೋಗಾಲಯದ ಸಹಾಯಕರು ಅದನ್ನು ಓದಿ ಕೆಲಸ ನಡೆಸಬಲ್ಲರೇ ಎಂದು ನೋಡಿಯೇ ಅಂಕ ನೀಡಬೇಕು.